ಒಂದೇ ಸಲ ಕರೆದರೆ

ಆ ಬೇಸಿಗೆಯಲ್ಲಿ ಶಿರಸಿಯ ಜನ ನಮ್ಮಿಬ್ಬರನ್ನು ಕಂಡಾಗೆಲ್ಲ ಕೇಳುತ್ತಿದ್ದುದು ಒಂದೇ ಮಾತು: "ಯಾರು ಹೋದ್ರು?" ನಸುಕಿನಲ್ಲಿ ರಸ್ತೆಯ ಮೇಲೆ ಯಾರಾದರೂ ಓಡುತ್ತಿದ್ದರೆ ಸಾವಿನ ಸುದ್ದಿ ಒಯ್ಯುತ್ತಿದ್ದಾರೆ ಎಂದೇ ಅರ್ಥ. ಬುದ್ಧಿ ನೆಟ್ಟಗಿರುವ ಗಂಡಸು ಕಾರಣವಿಲ್ಲದೆ ಓಡುತ್ತಾನೆ ಎಂಬುದು ಯಾರ ತಲೆಗೂ ಇಳಿಯುತ್ತಿರಲಿಲ್ಲ. ನಮ್ಮಣ್ಣ ಪಾಪ, ಪ್ರತಿಯೊಬ್ಬರೆದುರೂ ನಿಂತು, "ಯಾರೂ ಹೋಗಿಲ್ರಿ, ಎಲ್ಲಾರೂ ಆರಾಮ ಅದಾರ" ಎಂದು ಸಮಾಧಾನ ಹೇಳುತ್ತಿದ್ದ. ನನಗೆ ಅಷ್ಟು ತಾಳ್ಮೆಯಿಲ್ಲ. "ನಾನ ಹೊಂಟೇನಿ, ನೀವೂ ಬರ್ತೀರೇನು?" ಎಂದು ಕೇಳಿ ಮುಂದೆ ಹೋಗುತ್ತಿದ್ದೆ.

ನಮ್ಮದು ಬನವಾಸಿ ಕಡೆಯ ಮನೆತನ. ಶಿರಸಿ ಪೇಟೆಯಲ್ಲಿ ಅಪ್ಪನ ಕಾಳುಕಡಿ ಅಂಗಡಿ. ಏಕೀಕರಣವಾಗಿ ಕೆಲವು ವರ್ಷ ಕಳೆದಿದ್ದರೂ ರಸ್ತೆಯ ಮೈಲಿಗಲ್ಲುಗಳೆಲ್ಲ ಮುಂಬಯಿ ಸರಕಾರದ ಕಾಲದವೇ ಆಗಿದ್ದವು. ಅಣ್ಣ ನನಗಿಂತ ಸ್ವಲ್ಪವೇ ದೊಡ್ಡವನು. ಇಬ್ಬರೂ ಮೀಸೆ ಬಂದ ಗಂಡಸರು, ಹಗಲೆಲ್ಲ ಅಂಗಡಿಯಲ್ಲಿ ಚೀಲ ಎತ್ತುವವರು. ಮ್ಯಾರಥಾನ್ ಎಂಬ ಶಬ್ದವನ್ನು ನಮ್ಮ ಕಿವಿಗೆ ಹಾಕಿದವರು ಮಿಲಿಟರಿಯಿಂದ ನಿವೃತ್ತರಾಗಿ ಬಂದ ಒಬ್ಬ ಡ್ರಿಲ್ ಮಾಸ್ತರರು. ಮಳೆ ಹಿಡಿಯುವ ಮೊದಲು ಧಾರವಾಡದಲ್ಲಿ ಅಂಥದೊಂದು ಓಟವಿದೆ, ಶಿರಸಿಯಿಂದ ಒಬ್ಬನನ್ನು ಕಳಿಸಬಹುದು ಎಂದಿದ್ದರು. ಅಣ್ಣನಿಗೆ ಹುಚ್ಚು ಹಿಡಿಯಿತು. ಮಳೆಗಾಲ ಮುಗಿದ ಮೇಲೆ ಅವನ ಮದುವೆ, ಆಮೇಲೆ ಅಂಗಡಿಯ ಗಾದಿ. ಅಪ್ಪ ಮೊದಲೇ ಹೇಳಿಬಿಟ್ಟಿದ್ದರು: "ಈ ಬ್ಯಾಸಗಿ ಎಷ್ಟು ಓಡ್ತಿ ಓಡು. ಆಮ್ಯಾಲ ಕುಂಡರಬೇಕು." ಅವನಿಗೆ ಇದ್ದುದು ಆ ಒಂದು ಬೇಸಿಗೆ ಮಾತ್ರ.

ನೆನೆಸಿದ ಕಡಲೆ, ಬೆಲ್ಲ ತಿಂದು ಓಡುತ್ತಿದ್ದೆವು. ಕ್ಯಾನ್ವಾಸ್ ಬೂಟು ಹರಿದರೆ ಬರಿಗಾಲು. ಮಾಸ್ತರರು ಸೈಕಲ್ ಮೇಲೆ ಗಂಟೆ ಬಾರಿಸುತ್ತ ಬೆನ್ನಿಗೇ ಬರುತ್ತಿದ್ದರು. ಅವರದು ಒಂದೇ ಕಟ್ಟಪ್ಪಣೆ, ಓಡುವಾಗ ತಿರುಗಿ ನೋಡಕೂಡದು. ಸಿದ್ದಾಪುರದಲ್ಲಿ ಊರವರು ಇಟ್ಟ ಓಟದಲ್ಲಿ ಒಂದು ಕಂದು ನಾಯಿ ಕೊನೆಯವರೆಗೂ ಅಣ್ಣನನ್ನು ಅಟ್ಟಿಸಿಕೊಂಡು ಬಂತು. ಆಗಲೂ ಅವನು ತಿರುಗಲಿಲ್ಲ. ಅವನಿಗೆ ಟವೆಲು, ತೆಂಗಿನಕಾಯಿ ಬಹುಮಾನ ಬಂತು. ನಾಯಿ ಎರಡನೆಯದು, ನಾನು ಅದರ ಹಿಂದೆ. ಯಲ್ಲಾಪುರದಲ್ಲೂ ಅವನೇ ಗೆದ್ದ. ನಾನು ಆ ಬೇಸಿಗೆಯನ್ನೆಲ್ಲ ಅವನ ಬೆನ್ನು ನೋಡುತ್ತಲೇ ಕಳೆದೆ, ಅದರಲ್ಲಿ ನನಗೆ ಬೇಸರವೂ ಇರಲಿಲ್ಲ.

ತಿರುಗಬಾರದು ಎಂಬ ಮಾತು ಮಾಸ್ತರರಿಗಿಂತ ಮೊದಲೇ ನಮ್ಮ ಮನೆಯಲ್ಲಿತ್ತು. ಅಡವಿಯಲ್ಲಿ ಹೋಗುವಾಗ ಯಾರಾದರೂ ಒಮ್ಮೆ ಕರೆದರೆ ಓ ಅನ್ನಬಾರದು, ತಿರುಗಿ ನೋಡಬಾರದು. ಮನುಷ್ಯನಾದರೆ ಮತ್ತೆ ಮತ್ತೆ ಕರೆಯುತ್ತಾನೆ, ಆ ಇನ್ನೊಂದು ಮಾತ್ರ ಒಂದೇ ಸಲ ಕರೆಯುತ್ತದೆ. ಮೂರು ಸಲ ಕೇಳಿದ ಮೇಲೆಯೇ ಓಗೊಡಬೇಕು ಎಂದು ಅವ್ವ ನಮಗೆ ಊಟದ ಜೊತೆ ಉಣಿಸಿದ್ದಳು. ನಮ್ಮ ಕಾಕಾ ಕಿರವತ್ತಿ ಕಡೆಯಿಂದ ಗಾಡಿ ಹೊಡೆದುಕೊಂಡು ಬರುವಾಗ ಮರಗಳ ನಡುವಿನಿಂದ ಯಾರೋ ಒಮ್ಮೆ ಕರೆದರಂತೆ, ಇವರು ಓ ಅಂದರಂತೆ. ಮನೆಗೆ ಬಂದು ಮಲಗಿದವರು ಮತ್ತೆ ಏಳಲಿಲ್ಲ. ಅದು ಚಳಿಜ್ವರ ಎಂದು ನಾನು ವಾದ ಮಾಡುತ್ತಿದ್ದೆ. ಅಣ್ಣ ವಾದ ಮಾಡುತ್ತಿರಲಿಲ್ಲ. ಕಾಕಾನ ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ಅವನೂ ಒಬ್ಬ.

ಧಾರವಾಡಕ್ಕೆ ಯಾರು ಎಂದು ಗೊತ್ತುಮಾಡಲು ಉಮ್ಮಚಗಿಯಿಂದ ಶಿರಸಿಯವರೆಗೆ ಓಟ ಇಟ್ಟರು. ಇನ್ನೂ ಬೆಳಕು ಹರಿಯುವ ಮೊದಲೇ ಬಿಟ್ಟರು. ಹುಲಗೋಳ ಹತ್ತಿರ ಬರುವ ಹೊತ್ತಿಗೆ ಉಳಿದವರೆಲ್ಲ ದೂರ ಹಿಂದೆ ಬಿದ್ದಿದ್ದರು. ಅಣ್ಣ ಮುಂದೆ, ನಾನು ಕೂಗಿದರೆ ಕೇಳುವಷ್ಟು ಹಿಂದೆ. ಅಲ್ಲಿ ಎರಡೂ ಕಡೆ ದಟ್ಟ ಕಾಡಿನ ನಡುವೆ ರಸ್ತೆ ಒಂದು ತಿರುವು ತೆಗೆದುಕೊಳ್ಳುತ್ತದೆ. ಗಾಡಿಯ ಜಾಡಿನಲ್ಲಿ ನನ್ನ ಕಾಲು ಸಿಕ್ಕಿ ಹೊರಳಿತು. ಮೂಳೆ ಮುರಿದ ಸದ್ದು ನನಗೇ ಕೇಳಿಸಿತು. ಗಟಾರಕ್ಕೆ ಬೀಳುತ್ತ "ಅಣ್ಣಾ!" ಎಂದು ಕೂಗಿದೆ. ಬಿದ್ದ ರಭಸಕ್ಕೆ ಎದೆಯಲ್ಲಿ ಉಸಿರು ನಿಂತುಹೋಯಿತು, ಎರಡನೆಯ ಸಲ ಬಾಯಿ ತೆರೆದರೆ ದನಿಯೇ ಇಲ್ಲ. ಅಣ್ಣನ ಹೆಗಲು ಸೆಟೆದುದನ್ನು ನಾನು ಕಣ್ಣಾರೆ ಕಂಡೆ. ಅವನಿಗೆ ಕೇಳಿಸಿತ್ತು. ಒಂದು ಗಳಿಗೆ ಹೆಜ್ಜೆ ತಡೆಯಿತು, ಆಮೇಲೆ ಎಂದೂ ಓಡದ ಹಾಗೆ ಓಡಿಬಿಟ್ಟ.

ನನ್ನ ಹಿಂದೆ ಬಂದವರು ಗಟಾರದಲ್ಲಿದ್ದ ನನ್ನನ್ನು ಕಾಣದೆ ದಾಟಿ ಹೋದರು. ಕೊನೆಗೆ ಗಾಡಿ ಹೊಡೆದುಕೊಂಡು ಬಂದ ಹುಲಗೋಳದ ರೈತರೊಬ್ಬರು ಇಣುಕಿ, "ಎಂತ ಆತೋ ತಮಾ?" ಎಂದು ಕೇಳಿ ಎತ್ತಿಹಾಕಿಕೊಂಡರು. ಶಿರಸಿ ಮುಟ್ಟಿದಾಗ ಅಣ್ಣನ ಕೊರಳಲ್ಲಿ ಇನ್ನೂ ಹಾರವಿತ್ತು. ಗಾಡಿಯಲ್ಲಿ ನನ್ನನ್ನು ಕಂಡವನು ಹಾರ ತೆಗೆಯುವುದನ್ನೂ ಮರೆತು ಅಂಗಡಿಯ ಕಟ್ಟೆಯ ಮೇಲೆ ಕುಸಿದು ಕೂತ. "ನೀನ ಏನೋ ಕರದಾವ?" ಎಂದಷ್ಟೇ ಕೇಳಿದ. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ನಮ್ಮ ಮನೆಯ ಯಾರೇ ಆಗಿದ್ದರೂ ಹಾಗೆಯೇ ಓಡುತ್ತಿದ್ದರು.

ಕಾಲಿಗೆ ಬಿದಿರಿನ ದಬ್ಬೆ ಕಟ್ಟಿದರು. ಇನ್ನು ಓಡುವುದು ಮುಗಿಯಿತು ಎಂದು ನನಗೆ ತಿಳಿದಿತ್ತು, ಅತ್ತೂ ಆಯಿತು. ಆದರೆ ಅಣ್ಣ ಧಾರವಾಡಕ್ಕೆ ಹೋಗಲೇಬೇಕು ಎಂದು ಹಟ ಹಿಡಿದೆ. ಅವನೂ ಹೂಂ ಎಂದು ಬೆಳಗಾಗೆದ್ದು ಒಬ್ಬನೇ ಹೋಗುತ್ತಿದ್ದ. ಆದರೆ ಅರ್ಧ ದಾರಿಯಿಂದಲೇ ತಿರುಗಿ ಬರುತ್ತಿದ್ದ. ಮೈ ಬೆವರಿರುತ್ತಿತ್ತು, ಮುಖ ಮಾತ್ರ ಸುಣ್ಣದ ಹಾಗೆ ಬಿಳುಚಿರುತ್ತಿತ್ತು. ಒಂದು ದಿನ ಗದರಿಸಿ ಕೇಳಿದೆ. ಹಾಸಿಗೆಯ ತುದಿಗೆ ಕೂತು ಹೇಳಿದ.

"ಆ ತಿರುವಿಗೆ ಹೋದ ಕೂಡ್ಲೆ ಕೇಳತೈತಿ. ಅಣ್ಣಾ ಅಂತ. ಒಂದ ಸಲ. ನಿಂದ ದನಿ."

"ಅಯ್ಯ ಮಾರಾಯಾ, ನಾ ಇಲ್ಲೆ ಹಾಸಗಿ ಮ್ಯಾಲ ಬಿದ್ದೇನಲ್ಲೋ!"

"ಗೊತ್ತೈತಿ. ಓ ಅಂದ್ರ ಕಾಕಾನ ಹಾದಿ ಹಿಡಿತೀನಿ. ಅನ್ನಲಿಲ್ಲ ಅಂದ್ರ ಮತ್ತ ನಿನ್ನ ಬಿಟ್ಟು ಓಡಿದಂಗ. ನಾ ಏನ್ ಮಾಡ್ಲಿ, ನೀನ ಹೇಳು."

ಅವನು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವನು ಹೆದರಿದ್ದು ನಿಜ, ದೆವ್ವ ಇರಲಿ ಬಿಡಲಿ. ಧಾರವಾಡದ ಓಟ ಹತ್ತಿರ ಬಂದಿತ್ತು. ನಾನೇ ಒಂದು ಉಪಾಯ ಹೂಡಿದೆ. ಆ ತಿರುವಿನಲ್ಲಿ ನಾನು ಹೋಗಿ ಕೂರುತ್ತೇನೆ, ಅವನು ನನ್ನನ್ನು ದಾಟಿ ಓಡಬೇಕು, ನಾನು ಬೆನ್ನ ಹಿಂದಿನಿಂದ ಮೂರು ಸಲ ಕರೆಯುತ್ತೇನೆ, ಮೂರನೆಯದಕ್ಕೆ ಅವನು ಓ ಅನ್ನಬೇಕು. ಅವತ್ತು ನಾನು ಅರ್ಧಕ್ಕೇ ಬಿಟ್ಟ ಕರೆ ಪೂರ್ತಿಯಾದರೆ ಅವನ ಮನಸ್ಸು ಹಗುರವಾಗುತ್ತದೆ ಎಂದು ನನ್ನ ಲೆಕ್ಕ. ಅವ್ವನಿಗೂ ಅದು ಸರಿ ಕಂಡಿತು.

ಅಂಗಡಿಯ ಗಾಡಿ ಹುಲಗೋಳಕ್ಕೆ ಭತ್ತ ತರಲು ಹೋಗುವ ದಿನ ನನ್ನನ್ನು ತಿರುವಿನಲ್ಲಿ ಇಳಿಸಿ ಮುಂದೆ ಹೋಯಿತು. ಕಾಲು ಚಾಚಿಕೊಂಡು ರಸ್ತೆಯ ಅಂಚಿಗೆ ಕೂತೆ. ಬೆಳಗಾಗಿದ್ದರೂ ಆ ಮರಗಳ ಕೆಳಗೆ ಬೆಳಕು ಸರಿಯಾಗಿ ಬಿದ್ದಿರಲಿಲ್ಲ. ನಾನು ಬಿದ್ದ ಗಟಾರ ನನ್ನ ಬೆನ್ನಿಗೇ ಇತ್ತು. ಅದರ ಕಡೆ ನೋಡಲು ನನಗೆ ಮನಸ್ಸಾಗಲಿಲ್ಲ. ಅಣ್ಣ ಬಂದ, ನನ್ನ ಮುಖ ನೋಡದೆ ದಾಟಿದ. "ಅಣ್ಣಾ!" ಎಂದೆ. ಹೆಗಲು ಅವತ್ತಿನ ಹಾಗೆಯೇ ಸೆಟೆಯಿತು. "ಅಣ್ಣಾ!" ಹೆಜ್ಜೆ ನಿಧಾನವಾಯಿತು. "ಅಣ್ಣಾ!" ನಿಂತ. ಆದರೆ ಓ ಅನ್ನಲಿಲ್ಲ, ತಿರುಗಲೂ ಇಲ್ಲ. ಮೂರೂ ಮುಗಿದಿದ್ದವು. ನಾನು ಉಸಿರು ಬಿಗಿಹಿಡಿದು ಸುಮ್ಮನೆ ಕೂತೆ. ಎಷ್ಟೋ ಹೊತ್ತಿನ ಮೇಲೆ ಅವನು ಪೂರ್ತಿ ತಿರುಗಿ, ಎರಡೂ ಕೈ ಎತ್ತಿ, ಕಾಡೆಲ್ಲ ಕೇಳುವ ಹಾಗೆ "ಓ!" ಎಂದ.

ನಗುತ್ತ, ಅಳುತ್ತ ಓಡಿ ಬಂದು ನನ್ನ ಪಕ್ಕದಲ್ಲಿ ಕುಕ್ಕರಿಸಿದ.

"ಮೂರಕ್ಕ ಅನ್ನಬೇಕಂತ ಮಾಡಿದ್ದೆ, ಬಾಯಿನ ಬರಲಿಲ್ಲ ನೋಡು. ನಾಕನೇ ಸಲ ಕರದ್ಯಲ್ಲ, ಅಷ್ಟು ಮೆತ್ತಗ, ಅವಾಗ ಧೈರ್ಯ ಬಂತು."

ನಾನು ಕರೆದದ್ದು ಮೂರೇ ಸಲ. ಅವನ ಮುಖ ನೋಡಿದೆ. ಎಷ್ಟೋ ದಿನದ ಮೇಲೆ ಅದಕ್ಕೆ ರಕ್ತ ಬಂದಿತ್ತು.

"ಹೂಂ," ಎಂದೆ. "ನಿನಗ ಕಿವಿ ಕೇಳಾಂಗಿಲ್ಲ ಅಂತ ಇನ್ನೊಮ್ಮೆ ಕರದೆ."

ಅವನು ಅಲ್ಲಿಂದಲೇ ಎದ್ದು ಉಮ್ಮಚಗಿ ಕಡೆ ಓಡಿದ. ಗಾಡಿ ತಿರುಗಿ ಬರುವವರೆಗೆ ನಾನು ಒಬ್ಬನೇ ಅಲ್ಲಿ ಕೂರಬೇಕಾಯಿತು. ಗುಡ್ಡದ ಮಾರ್ದನಿ ಇರಬೇಕು ಎಂದುಕೊಂಡು ಒಂದು ಸಲ ಜೋರಾಗಿ ಹೋಯ್ ಎಂದು ಕೂಗಿದೆ. ಏನೂ ತಿರುಗಿ ಬರಲಿಲ್ಲ. ಮತ್ತೆ ಕೂಗುವ ಧೈರ್ಯ ನನಗೆ ಉಳಿದಿರಲಿಲ್ಲ.

ಆ ವಾರವೆಲ್ಲ ಅವನು ಮಲಗಿದಾಗ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡಿದೆ. ಹಾಳು ಮನಸ್ಸು, ನಂಬುವುದಿಲ್ಲ ಎಂದವನಿಗೆ ನಿದ್ದೆಯೇ ಇಲ್ಲ. ಜ್ವರ ಬರಲಿಲ್ಲ. ಧಾರವಾಡಕ್ಕೆ ಹೋದ, ಓಟ ಮುಗಿಸಿದ, ಮೊದಲಿಗನೂ ಅಲ್ಲ ಕೊನೆಯವನೂ ಅಲ್ಲ. ಬೊಬ್ಬೆಯೆದ್ದ ಕಾಲು ತೋರಿಸುತ್ತ ಬಸ್ಸಿಳಿದವನನ್ನು ಅಪ್ಪಿಕೊಂಡು ನಾನೇ ಗಳಗಳ ಅತ್ತುಬಿಟ್ಟೆ. ಆಮೇಲೆ ಮದುವೆಯಾಯಿತು, ಗಾದಿ ಹಿಡಿದ, ಮಕ್ಕಳಾದವು, ತಲೆ ಬೆಳ್ಳಗಾಯಿತು. ಆ ಬೇಸಿಗೆಯ ಕತೆಯನ್ನು ಬಂದವರಿಗೆಲ್ಲ ಹೇಳುವುದು ಅವನಿಗೆ ಬಲು ಇಷ್ಟ. "ನಮ್ಮ ತಮ್ಮ ನಾಕು ಸಲ ಕರದಾ" ಎಂಬಲ್ಲಿಗೆ ಬಂದಾಗ ನನ್ನ ಕಡೆ ನೋಡುತ್ತಿದ್ದ. ನಾನು ಹೌದು ಎಂದು ಗೋಣು ಹಾಕುತ್ತಿದ್ದೆ.

ಅವನ ಮನೆಗೆ ಹೊಸದಾಗಿ ಬಂದ ಸೊಸೆ ಒಮ್ಮೆ ಕತೆ ಕೇಳಿ ಮುಗಿಸಿ, "ಸಣ್ಣಮಾವಾರ, ನಾಕನೇ ಸಲ ಹೆಂಗ ಕರದ್ರಿ? ಹಂಗ ಕರದು ತೋರಿಸ್ರಿ" ಎಂದಳು. ಎಲ್ಲರೂ ನಕ್ಕರು. ಅಣ್ಣನೂ ನಕ್ಕು, ಕಣ್ಣು ಮುಚ್ಚಿಕೊಂಡು ಕಾಯುತ್ತ ಕೂತ. ನಾನು ತಪ್ಪಿಸಿಕೊಳ್ಳಲು ನೋಡಿದೆ, ಬಿಡಲಿಲ್ಲ. ಕೊನೆಗೆ ಆದಷ್ಟು ಮೆತ್ತಗೆ, ಆದಷ್ಟು ಪ್ರೀತಿಯಿಂದ "ಅಣ್ಣಾ" ಎಂದೆ.

ಅವನು ಕಣ್ಣು ತೆರೆದು ಬಹಳ ಹೊತ್ತು ನನ್ನ ಮುಖವನ್ನೇ ನೋಡಿದ.

"ಇದಲ್ಲ" ಎಂದ. ಆಮೇಲೆ ಆ ಕತೆಯನ್ನು ಅವನು ಯಾರಿಗೂ ಹೇಳಲಿಲ್ಲ.