ಆನಿ ಕಡೀತೈತ್ರಿ, ಟೀಚರ್

ನಾಡಿನ ಮುಂದಿರುವ ಗಂಭೀರ ವಿಷಯಗಳ ಸಾಲಿಗೆ ಇನ್ನೊಂದನ್ನು ಸೇರಿಸದೆ ವಿಧಿಯಿಲ್ಲ. ಗಂಗಾವತಿ ಸೀಮೆಯ ಕಾಲುವೆ ಬದಿಯ ಒಂದು ಕ್ಯಾಂಪಿನಲ್ಲಿ, ಅಂದರೆ ನೀರಾವರಿ ಬಂದ ಮೇಲೆ ಎದ್ದ ಹಳ್ಳಿಯಲ್ಲಿ, ಅಂಗನವಾಡಿಯ ಗೋಡೆಯೊಳಗೆ, ಕಿರುಬೆರಳಿನಷ್ಟು ಉದ್ದದ ಒಂದು ಗಂಟು ಇತ್ತು. ಎರಡು ಕರೆಂಟಿನ ತಂತಿಗಳನ್ನು ಕೂಡಿಸಿದ ಗಂಟು. ಅದರ ಮೇಲೆ ಗಾರೆ, ಗಾರೆಯ ಮೇಲೆ ಬಣ್ಣ, ಬಣ್ಣದಲ್ಲಿ ಬಲೂನು ಹಿಡಿದು ನಗುತ್ತಿರುವ ಒಂದು ಆನೆ. ಈ ಗಂಟನ್ನು ಹೊರತೆಗೆಯಲು ಒಂದು ಇಲಾಖೆ, ಅದರ ಜೀಪು, ಒಬ್ಬ ಎಂಜಿನಿಯರು, ಒಬ್ಬ ಗುತ್ತಿಗೆದಾರ ಮತ್ತು ಆನೆಗೊಂದಿಯ ಒಬ್ಬ ಮುದುಕಿ ಬೇಕಾದರು. ಗಂಟು ಹಾಕುವುದೇ ಹೊಟ್ಟೆಪಾಡಾಗಿರುವ ಹೇಮಾವತಿಯವರು ಮೊದಲ ದಿನವೇ ಹೇಳಿದ್ದ ಮಾತನ್ನು ಮಾತ್ರ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಈಗ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗಂಗಾವತಿಯ ಹೊರವಲಯದಲ್ಲಿ ಅರ್ಧ ಎದ್ದ ಮನೆಯೊಂದರ ಒಳಗೆ ಹಸಿ ಸಿಮೆಂಟಿನ ವಾಸನೆ, ಹೊರಗೆ ರೈಸ್‌ಮಿಲ್ಲಿನ ಹೊಟ್ಟಿನ ದೂಳು. ಗೌಂಡಿಗಳು ಬರುವ ಮೊದಲೇ ಹೇಮಾವತಿ ಬಂದಿದ್ದಾರೆ. ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ, ಕಾಲಿಗೆ ರಬ್ಬರಿನ ಚಪ್ಪಲಿ, ಹೆಗಲಿಗೆ ಬಾಳೆನಾರಿನ ಚೀಲ. ಆನೆಗೊಂದಿಗೆ ಬರುವ ಪ್ರವಾಸಿಗರು ಇಂಥದೇ ಚೀಲ ಕೊಂಡು, ಬಂಡೆಗೆ ಒರಗಿ ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಇವರ ಚೀಲದಿಂದ ಹೊರಬರುವುದು ಪಕ್ಕಡ್, ಟೆಸ್ಟರು, ಸ್ಕ್ರೂಡ್ರೈವರು, ಸಣ್ಣ ಚಾಕು, ಉಳಿ, ಸುತ್ತಿಗೆ, ಕರಿ ಟೇಪಿನ ಸುರುಳಿ. ಎಲ್ಲಕ್ಕೂ ಕೊನೆಗೆ ಒಂದು ವಿಭೂತಿ ಗಟ್ಟಿ.

ವಿಭೂತಿ ಹಣೆಗೆ ಹೋಗುವುದಿಲ್ಲ. ಹೇಮಾವತಿ ಅದನ್ನು ಬೆರಳುಗಳಿಗೆ ತಿಕ್ಕಿಕೊಳ್ಳುತ್ತಾರೆ. ಮನೆ ಕಟ್ಟಿಸುತ್ತಿರುವ ಯಜಮಾನರಿಗೆ ಇದನ್ನು ನೋಡಿ ತುಂಬ ಸಂತೋಷ.

"ಏನ್ ಭಕ್ತಿ ನೋಡ್ರಿ! ಕರೆಂಟ್ ಮುಟ್ಟೂ ಮುಂದ ಶಿವನ್ನ ನೆನಿತಾರ."

"ಶಿವಾ ಅಲ್ರಿ, ಬೆವರು," ಎನ್ನುತ್ತಾರೆ ಹೇಮಾವತಿ, ತಲೆ ಎತ್ತದೆ. "ಕೈ ಒಣಾ ಇರ್ಲಿ ಅಂತ ಹಚ್ಕೋತೀನಿ."

ಯಜಮಾನರು ನಂಬುವುದಿಲ್ಲ. ಭಕ್ತಿಯಲ್ಲಿ ವಿನಯವೂ ಸೇರಿತೆಂದುಕೊಂಡು ಇನ್ನಷ್ಟು ಮೆಚ್ಚುತ್ತಾರೆ.

ತಂತಿಯ ತುದಿಯ ಪ್ಲಾಸ್ಟಿಕ್ ಸಿಪ್ಪೆಯನ್ನು ಹೇಮಾವತಿ ಪೆನ್ಸಿಲ್ ಹೆರೆಯುವಂತೆ ಓರೆಯಾಗಿ ತೆಗೆಯುತ್ತಾರೆ. ಚಾಕುವನ್ನು ನೇರವಾಗಿ ಒತ್ತಿದರೆ ಒಳಗಿನ ತಾಮ್ರಕ್ಕೆ ಗಾಯವಾಗಿ, ಮುಂದೊಂದು ದಿನ ಅಲ್ಲೇ ಮುರಿಯುತ್ತದೆ. ಬರಿದಾದ ತಾಮ್ರವನ್ನು ಚಾಕುವಿನ ಬೆನ್ನಿನಿಂದ ಕೆರೆದು ಹೊಳೆಯಿಸುತ್ತಾರೆ. ಎರಡು ತುದಿಗಳನ್ನು ಒಂದರ ಮೇಲೊಂದು ಅಡ್ಡ ಹಾಕಿ, ಇದರ ಮೈಗೆ ಅದನ್ನು, ಅದರ ಮೈಗೆ ಇದನ್ನು ಬಿಗಿಯಾಗಿ ಸುತ್ತುತ್ತಾರೆ. ಮೊನೆ ಟೇಪನ್ನು ತೂತು ಮಾಡದ ಹಾಗೆ ಪಕ್ಕಡ್‌ನಿಂದ ಒತ್ತಿ ಮಲಗಿಸುತ್ತಾರೆ. ಆಮೇಲೆ ಎರಡೂ ಕೈಯಲ್ಲಿ ಹಿಡಿದು ಜಗ್ಗುತ್ತಾರೆ, ಜಗಳಕ್ಕೆ ನಿಂತವರ ಹಾಗೆ. ಗಂಟು ಅಲುಗದಿದ್ದರೆ ಟೇಪು. ಟೇಪಿನ ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧವನ್ನು ಮುಚ್ಚಬೇಕು. ಆ ಗಂಟು ಹೋಗಿ ಕೂರುವುದು ಗೋಡೆಯ ಡಬ್ಬಿಯಲ್ಲಿ, ಬೇಕೆಂದಾಗ ಮುಚ್ಚಳ ತೆಗೆದು ನೋಡುವ ಹಾಗೆ.

"ಎಳದ್ರ ಬರಬಾರದು, ಮುಟ್ಟಿದ್ರ ಬಿಸಿ ಆಗಬಾರದು, ಡಬ್ಬಿ ಬಿಟ್ಟು ಎಲ್ಲೂ ಇರಬಾರದು. ಇಷ್ಟ ನೋಡ್ರಿ ಜಾಯಿಂಟ್ ಅಂದ್ರ. ಪೈಪಿನ್ಯಾಗ ಜಾಯಿಂಟ್ ತೂರ್ಸೂದು ಅಂದ್ರ ಹೊಟ್ಟಿಯೊಳಗ ಕತ್ರಿ ಬಿಟ್ಟು ಹೊಲಿಗಿ ಹಾಕಿದಂಗ."

ಹೇಮಾವತಿಯ ಬೆರಳು ಹೊಸೆಯುವುದನ್ನು ಕಲಿತದ್ದು ತಾಮ್ರದಲ್ಲಲ್ಲ. ಅವರ ತಾಯಿ ಪಕ್ಕೀರವ್ವ ಆನೆಗೊಂದಿಯಲ್ಲಿ ಇವತ್ತಿಗೂ ಬಾಳೆನಾರು ಹೊಸೆದು ಚೀಲ, ಚಾಪೆ ಹೆಣೆಯುತ್ತಾರೆ. ಮಗಳೂ ಮದುವೆಯಾದ ಮೇಲೂ ಅದನ್ನೇ ಮಾಡಿಕೊಂಡಿದ್ದವರು. ಗಂಡ ಕಾಳಪ್ಪ ಬಾಳೆ ತೋಟದ ಕೂಲಿ. ಮನೆಯ ಬಲ್ಬು ಬದಲಿಸುವುದಕ್ಕೂ ಅಂಜುವ ಮನುಷ್ಯ, ಇವತ್ತಿಗೂ. ಒಮ್ಮೆ ತೋಟದ ಮೋಟಾರು ಸುಟ್ಟುಹೋಯಿತು. ಅದನ್ನು ಗಂಗಾವತಿಯಲ್ಲಿ ಮೋಟಾರು ವೈಂಡಿಂಗ್ ಮಾಡುವ ಬಾಬಾಸಾಬರ ಅಂಗಡಿಗೆ ಹೊತ್ತು ತಂದವರ ಜೊತೆ ಹೇಮಾವತಿಯೂ ಬಂದಿದ್ದರು. ಬಾಬಾಸಾಬರು ತಾಮ್ರದ ತಂತಿ ಸುತ್ತುವುದನ್ನು ಸುಮ್ಮನೆ ನೋಡುತ್ತ ಕೂತವರು ಕೊನೆಗೆ ಕೇಳಿಯೇಬಿಟ್ಟರು.

"ಕಾಕಾ, ಇದೂ ಒಂದ ನಮೂನಿ ನಾರ ಅಲ್ಲೇನ್ರಿ?"

"ನಾರ ಅನಿಸಿದ್ರ ನೀನ ಸುತ್ತ್ ಬೇಟಿ, ನನಗ ಚಾ ಕುಡ್ಯಾಕ ಬಿಡುವಾಗ್ತೈತಿ," ಎಂದರು ಬಾಬಾಸಾಬ. ಅವರು ಚಹಾ ಕುಡಿದು ಬರುವಷ್ಟರಲ್ಲಿ ಸುರುಳಿ ಸಿದ್ಧವಿತ್ತು. ಅಲ್ಲಿಂದ ಹೇಮಾವತಿ ಅವರ ಅಂಗಡಿಯ ಕೆಲಸಕ್ಕೆ ಹತ್ತಿದರು.

ಆದರೆ ಬೆರಳಿಗೆ ಒಂದು ಹಳೆಯ ಚಟ ಅಂಟಿಕೊಂಡಿತ್ತು. ನಾರು ಒಣಗಿದ್ದರೆ ತುಂಡಾಗುತ್ತದೆ. ಹೊಸೆಯುವವರು ಬೆರಳನ್ನು ನೀರಲ್ಲಿ ಅದ್ದಿಕೊಳ್ಳುತ್ತಾರೆ, ನೀರಿಲ್ಲದಿದ್ದರೆ ನಾಲಗೆಗೆ ತಾಗಿಸಿಕೊಳ್ಳುತ್ತಾರೆ. ಹೇಮಾವತಿ ತಂತಿ ಹೊಸೆಯುವ ಮುಂಚೆಯೂ ಬೆರಳು ನೆಕ್ಕುತ್ತಿದ್ದರು. ಬಾಬಾಸಾಬರು ಬೈದರು, ಅಳತೆಪಟ್ಟಿಯಿಂದ ಕೈಮೇಲೆ ಕುಟ್ಟಿದರು, ಅಂಗಡಿಯ ನೀರಿನ ಕೊಡವನ್ನೇ ಹೊರಗಿಡಿಸಿದರು. ಚಟ ಬಿಡಲಿಲ್ಲ. ಒಂದು ದಿನ ತಾವೇ ಹೋಗಿ ವಿಭೂತಿ ಗಟ್ಟಿ ಕೊಂಡುತಂದು ಕೈಗಿಟ್ಟರು.

"ಇದನ್ನ ಬೆರಳಿಗೆ ಹಚ್ಚಿದ್ರ ನಾಲಗಿಗೆ ಒಯ್ಯಾಕ ಮನಸ್ ಬರಂಗಿಲ್ಲ, ಬೆವರೂ ಕುಡೀತೈತಿ," ಎಂದು ನಗುತ್ತಾರೆ ಬಾಬಾಸಾಬ. "ಅಂಗಡಿಯವ ನನ್ನ ಮುಖಾ ನೋಡಿದ, ವಿಭೂತಿ ನೋಡಿದ. ಏನೂ ಕೇಳ್ಲಿಲ್ಲ ಪಾಪ, ಸುಮ್ನ ಕೊಟ್ಟ."

ಮಧ್ಯದಲ್ಲಿ ಹೇಮಾವತಿ ಯಲಬುರ್ಗಾಕ್ಕೆ ಬಸ್ಸಿನಲ್ಲಿ ಓಡಾಡಿ ವೈರಿಂಗ್ ತರಬೇತಿಯನ್ನೂ ಮುಗಿಸಿದ್ದಾರೆ. ತರಬೇತಿಯಲ್ಲಿ ಜಾಯಿಂಟುಗಳನ್ನು ಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬಹಳ ಚೆಂದ ಬರೆದು ತೋರಿಸಿದರಂತೆ. ತಂತಿ ಮಾತ್ರ ಕೊನೆಯ ದಿನದವರೆಗೂ ಬರಲಿಲ್ಲ. ಪಕ್ಕಡ್ ಬಂದಿತ್ತು, ಬೀರುವಿನಲ್ಲಿತ್ತು, ಬೀರುವಿನ ಕೀಲಿ ಇದ್ದವರು ರಜೆಯಲ್ಲಿದ್ದರು. ಈಜುವುದನ್ನು ಹಲಗೆಯ ಮೇಲೆ ಕಲಿಸಿ ಹೊಳೆಗೆ ದೂಡುವ ಈ ಪದ್ಧತಿಯಿಂದ ವರ್ಷವರ್ಷವೂ ಎಷ್ಟು ವೈರ್‌ಮನ್ನರು ಹೊರಬಂದು ನಮ್ಮ ನಿಮ್ಮ ಗೋಡೆಗಳಲ್ಲಿ ಕೈಯಾಡಿಸುತ್ತಿದ್ದಾರೋ, ಯೋಚಿಸಿದರೆ ಸ್ವಿಚ್ಚು ಒತ್ತಲು ಮನಸ್ಸಾಗುವುದಿಲ್ಲ.

ಇನ್ನು ಆ ಅಂಗನವಾಡಿ. ಕಳೆದ ಬೇಸಿಗೆಯಲ್ಲಿ ಕಟ್ಟಡದ ಗುತ್ತಿಗೆದಾರ ಗುರುಬಸವ ವೈರಿಂಗಿಗೆಂದು ಹೇಮಾವತಿಯನ್ನು ದಿನಗೂಲಿಗೆ ಕರೆದರು. ಫ್ಯಾನಿನ ಕಡೆ ಹೋಗುವ ತಂತಿ ಪೈಪಿನ ನಡುವೆ ಒಂದು ಮೊಳ ಕಡಿಮೆ ಬಿತ್ತು. ಹೊಸ ಸುರುಳಿ ತರಿಸಬೇಕು ಎಂದರು ಹೇಮಾವತಿ. ತುಂಡು ಸೇರಿಸಿ ಪೈಪಿನೊಳಗೆ ಎಳೆದುಬಿಡು ಎಂದರು ಗುರುಬಸವ.

"ಅದು ಬರಂಗಿಲ್ರಿ. ಪೈಪಿನ್ಯಾಗ ಜಾಯಿಂಟ್ ಹಾಕಂಗಿಲ್ಲ."

"ಯಾರ್ ನೋಡ್ತಾರವ್ವಾ ಅದನ್ನ?"

"ಯಾರೂ ನೋಡಂಗಿಲ್ಲ ಅಂತನ ಹಾಕಂಗಿಲ್ರಿ."

ಮರುದಿನ ಕೆಲಸಕ್ಕೆ ಬರಬೇಡ ಎಂದು ಹೇಳಿ ಕಳಿಸಿದರು. ಬೇರೊಬ್ಬ ಬಂದ, ತುಂಡು ಸೇರಿಸಿದ, ಎಳೆದ. ಗಾರೆ ಬಿತ್ತು, ಆನೆ ಬಂತು, ಉದ್ಘಾಟನೆಯಾಯಿತು. ಗಣ್ಯರೆಲ್ಲ ಆನೆಯ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು.

ಮಳೆ ಹಿಡಿದು ಗೋಡೆ ತೇವ ಕುಡಿಯಿತು. ಒಂದು ಬೆಳಿಗ್ಗೆ ಮಕ್ಕಳು ಅಂಗನವಾಡಿ ಟೀಚರ್ ಶಿವಲೀಲಾರ ಸೆರಗು ಜಗ್ಗಿ ದೂರು ಹೇಳಿದವು: "ಆನಿ ಕಡೀತೈತ್ರಿ, ಟೀಚರ್."

ಶಿವಲೀಲಾ ನಕ್ಕರು. ಆಮೇಲೆ ಒಂದು ಮಗು ಆನೆ ಮುಟ್ಟಿ ಚೀರಿತು. ನಗು ನಿಂತಿತು. ಗುತ್ತಿಗೆದಾರರಿಗೆ ಫೋನು ಮಾಡಿದರೆ, "ಆ ಹೆಣ್ಮಗಳು ಮಾಡಿದ ಕೆಲಸ ಅದು, ಆಕಿನ್ನ ಕೇಳ್ರಿ" ಎಂಬ ಉತ್ತರ. ಬೈಯುವುದಕ್ಕೆಂದೇ ಶಿವಲೀಲಾ ಹೇಮಾವತಿಯನ್ನು ಕರೆಸಿದರು. ಹೇಮಾವತಿ ಬಂದು ಗೋಡೆಗೆ ಟೆಸ್ಟರು ಹಿಡಿದರು, ಅದು ಮಿನುಗಿತು. ಕೂಡಲೆ ಮೇನ್ ಸ್ವಿಚ್ಚು ಇಳಿಸಿದರು.

"ಗೋಡಿ ಒಡೀಬೇಕ್ರಿ ಅಕ್ಕಾರ. ಇವತ್ತ."

"ಸರ್ಕಾರಿ ಗೋಡಿ ತಂಗಿ! ನಾ ಒಡದ್ರ ನನ್ನ ನೌಕ್ರಿ ಹೊಕ್ಕೈತಿ."

ಹೀಗಾಗಿ ಆ ಸೆಕೆಯಲ್ಲಿ ಫ್ಯಾನಿಲ್ಲದೆ, ದೀಪವಿಲ್ಲದೆ, ಆನೆಯಿಂದ ದೂರ ಒಂದು ಮೂಲೆಯಲ್ಲಿ ಮಕ್ಕಳು ಕೂತವು. ಎಂಜಿನಿಯರು ಬರುವವರೆಗೆ ಗೋಡೆಯನ್ನು ಯಾರೂ ಮುಟ್ಟಬಾರದೆಂದು ಇಲಾಖೆಯ ಆದೇಶ. ಮಕ್ಕಳಂತೂ ಆದೇಶಕ್ಕೆ ಮೊದಲೇ ಮುಟ್ಟುವುದು ಬಿಟ್ಟಿದ್ದವು.

ಎಂಜಿನಿಯರು ಬಂದರು. ಮೇನ್ ಹಾಕಿಸಿದರು. ದಪ್ಪ ರಬ್ಬರ್ ತಳದ ಹೊಳೆಯುವ ಬೂಟಿನಲ್ಲಿ ನಡೆದು ಬಂದು ಅಂಗೈಯ ಹಿಂಭಾಗವನ್ನು ಆನೆಯ ಹೊಟ್ಟೆಗೆ ತಾಗಿಸಿದರು. ಏನೂ ಆಗಲಿಲ್ಲ. ತೇವ ಇದ್ದರೆ ಟೆಸ್ಟರು ಸುಮ್ಮಸುಮ್ಮನೆ ಮಿನುಗುತ್ತದೆ ಎಂದರು. "ಮಕ್ಕಳ ಮಾತು ಕೇಳಿ ಸರ್ಕಾರಿ ಗೋಡೆ ಒಡೆಯೋಕಾಗುತ್ತೇನ್ರಿ?" ಎಂದು ಕೇಳಿ ಜೀಪು ಹತ್ತಿದರು. ಶಿವಲೀಲಾ ಮತ್ತೆ ಮೇನ್ ಇಳಿಸಿದರು.

ಆನೆ ಕಚ್ಚುವುದಿಲ್ಲ ಎಂದು ಅಧಿಕೃತವಾದ ಮೇಲೂ ಮಕ್ಕಳು ಮೂಲೆಯ ಕತ್ತಲಲ್ಲೇ ಕೂತಿದ್ದುದರಿಂದ ಕ್ಯಾಂಪಿನವರು ತಮ್ಮದೇ ತೀರ್ಮಾನಕ್ಕೆ ಬಂದರು: ಹೆಂಗಸಿನ ಕೈಯಲ್ಲಿ ಕರೆಂಟು ಕೊಟ್ಟರೆ ಹೀಗೇ. ಗಂಗಾವತಿಯಲ್ಲಿ ಮಾತಾಗಿದ್ದ ಮನೆಯವರು ಬೇರೆಯವರನ್ನು ನೋಡಿಕೊಂಡರು. ಕುಷ್ಟಗಿಯಿಂದ ಬರಬೇಕಿದ್ದ ಕೆಲಸದ ಕರೆ ಬರಲಿಲ್ಲ. ತಾನು ಹಾಕಲೊಪ್ಪದ ಗಂಟಿಗೆ ಹೇಮಾವತಿ ದಂಡ ಕಟ್ಟತೊಡಗಿದರು.

"ಹಾಕಿದ್ರಾದ್ರೂ ಕೂಲಿ ಸಿಗ್ತಿತ್ತು ನೋಡ್ರಿ," ಎನ್ನುವಾಗ ಅವರ ಕೈ ಪಕ್ಕಡ್ ಅನ್ನು ಸುಮ್ಮನೆ ಬಿಗಿಯುತ್ತದೆ.

ಶಿವಲೀಲಾ ಬಿಡದೆ ಫೋನು ಮಾಡಿದ್ದಕ್ಕೆ ಎಂಜಿನಿಯರು ಎರಡನೆಯ ಸಲ ಬಂದರು. ಈ ಸಲ ಹೇಮಾವತಿಯ ಜೊತೆ ಪಕ್ಕೀರವ್ವನೂ ಬಂದಿದ್ದರು, ಮಗಳ ಹೆಸರು ಕೆಡಿಸಿದ ಆನೆ ಎಂಥದಿದೆ ನೋಡಬೇಕೆಂದು. ಆಗತಾನೆ ನೆಲ ಒರೆಸಿತ್ತು. ಬಾಗಿಲಲ್ಲಿ ಮಕ್ಕಳ ಪುಟ್ಟ ಚಪ್ಪಲಿಗಳು ಸಾಲಾಗಿದ್ದವು. ಎಂಜಿನಿಯರ ಬೂಟು ಅವನ್ನು ದಾಟಿ ಒಳಗೆ ಬಂತು.

"ಏ ಯಪ್ಪಾ, ಬೂಟ್ ಹೊರಗ ಬಿಡು. ಮಕ್ಳು ಉಣ್ಣೂ ಜಾಗಾ ಐತಿ," ಎಂದರು ಪಕ್ಕೀರವ್ವ.

"ಎರಡು ನಿಮಿಷದ ಕೆಲಸ ಅಜ್ಜಿ."

"ಎರಡ ನಿಮಿಷಕ್ಕ ಬಿಚ್ಚಾಕ ಬರಂಗಿಲ್ಲೇನು? ಬೂಟ್ ಬಿಚ್ಚಂದೀನಿ, ಕಾಲ್ ಬಿಚ್ಚಂದಿಲ್ಲ."

ಮಕ್ಕಳು ಕಿಸಕ್ಕೆಂದವು. ಎಂಜಿನಿಯರು ಕೆಂಪಗಾಗಿ ಬೂಟು ಬಿಟ್ಟರು. ಕಾಲುಚೀಲ ಒದ್ದೆ ನೆಲದ ನೀರನ್ನು ಮನಸಾರೆ ಹೀರಿತು. ಮೇನ್ ಹಾಕಿ ಎಂದರು. "ಕೈ ಹಚ್ಚಬ್ಯಾಡ್ರಿ ಸಾಹೇಬ್ರ," ಎಂದರು ಹೇಮಾವತಿ. ಮೇನ್ ಹಾಕಿ, ಸ್ವಿಚ್ಚಿನಿಂದ ಕೈ ತೆಗೆಯದೆ ನಿಂತರು. ಎಂಜಿನಿಯರು ಆನೆ ಮುಟ್ಟಿದರು. ಆ ಕ್ಷಣ ಅವರಿಂದ ಹೊರಟ ಶಬ್ದವನ್ನು ವಿವರಿಸಲು ಶಿವಲೀಲಾ ಒಪ್ಪುವುದಿಲ್ಲ. ಮಕ್ಕಳು ಒಪ್ಪುತ್ತವೆ, ಕೇಳದಿದ್ದರೂ ಮಾಡಿ ತೋರಿಸುತ್ತವೆ. ಹೇಮಾವತಿ ಅಷ್ಟರಲ್ಲೇ ಮೇನ್ ಇಳಿಸಿ ಆಗಿತ್ತು.

ಪಕ್ಕೀರವ್ವ ಹತ್ತಿರ ಬಂದು ಕೇಳಿದರಂತೆ: "ಕಡೀತೇನಪಾ?"

ಇಷ್ಟು ದಿನ ಬರಿಗಾಲಿನ ಮಕ್ಕಳನ್ನು ಕಚ್ಚಿದ್ದು ಸುಳ್ಳಾಗಿತ್ತು. ಒದ್ದೆ ಕಾಲುಚೀಲದ ಅಧಿಕಾರಿಯನ್ನು ಕಚ್ಚಿದ ಕೂಡಲೆ ಸತ್ಯವಾಯಿತು. ಗೋಡೆ ಒಡೆಯಲು ಅಪ್ಪಣೆ ಅಲ್ಲೇ ಸಿಕ್ಕಿತು. ಹೇಮಾವತಿಯ ಉಳಿಯ ಏಟಿಗೆ ಆನೆಯ ಹೊಟ್ಟೆ ಉದುರಿ ಪೈಪು ಕಂಡಿತು, ಎಳೆಯುವ ಭರಕ್ಕೆ ಅದೂ ಸೀಳಿತ್ತು. ಒಳಗೆ ಎರಡು ತಂತಿಗಳು ಕೊಕ್ಕೆಗೆ ಕೊಕ್ಕೆ ಸಿಕ್ಕಿಸಿದ ಹಾಗೆ ನೇತಾಡುತ್ತಿದ್ದವು. ಸುತ್ತಲೂ ಟೇಪಿರಲಿಲ್ಲ. ಗುಟ್ಕಾ ಪಾಕೀಟು ಸುತ್ತಿತ್ತು, ಕರೆಂಟು ಹರಿಸುವ ಹೊಳೆಯುವ ಮೈ ಒಳಗಾಗಿ.

ಯಾರಿಗೂ ಶಿಕ್ಷೆಯಾಗಲಿಲ್ಲ. ದುರಸ್ತಿಯ ಕೆಲಸ ಮತ್ತೆ ಗುರುಬಸವರಿಗೇ ಸಿಕ್ಕಿತು. ಅವರು ಮತ್ತೆ ಹೇಮಾವತಿಯನ್ನೇ ಕೂಲಿಗೆ ಕರೆದರು. ಹೇಮಾವತಿ ಹೋದರು. ಯಾಕೆ ಹೋದಿರಿ ಎಂದು ಕೇಳಿದರೆ, ಪ್ರಶ್ನೆಯೇ ದಡ್ಡತನದ್ದೆಂಬಂತೆ ನೋಡುತ್ತಾರೆ.

"ನಾ ಹೋಗದಿದ್ರ ಮತ್ತ ಅವನ ಬರ್ತಾನಲ್ರಿ, ಪಾಕೀಟ್ ಹಿಡ್ಕೊಂಡು."

ಈ ಸಲ ಹೊಸ ಸುರುಳಿ ತರಿಸಿಕೊಂಡ ಮೇಲೆಯೇ ಚೀಲ ಬಿಚ್ಚಿದರು. ಒಂದೂ ಗಂಟಿಲ್ಲದ ತಂತಿ ಡಬ್ಬಿಯಿಂದ ಡಬ್ಬಿಗೆ ಹೋಯಿತು. ಜೊತೆಗೆ, ಮೊದಲ ಸಲ ಯಾರಿಗೂ ನೆನಪಾಗದಿದ್ದ ಅರ್ಥಿಂಗ್ ತಂತಿಯೂ ಹೋಯಿತು. ಗಾರೆ ಒಣಗಿದ ಮೇಲೆ ಪೇಂಟರು ಆನೆಯನ್ನು ಹೊಸದಾಗಿ ಬರೆದ. ಆದರೆ ಮಕ್ಕಳು ಮೂಲೆ ಬಿಟ್ಟು ಏಳಲಿಲ್ಲ. ಹೇಮಾವತಿ ಮೇನ್ ಹಾಕಿ, ಗೋಡೆಯುದ್ದಕ್ಕೂ ಟೆಸ್ಟರು ಆಡಿಸಿ, ಚಪ್ಪಲಿ ಬಿಟ್ಟು, ಅವೆಲ್ಲ ನೋಡುತ್ತಿದ್ದಂತೆ ಎರಡೂ ಅಂಗೈಯನ್ನು ಆನೆಯ ಮೇಲೆ ಊರಿ ನಿಂತರು.

ಬೆಳಕು ಹರಿದಿದೆ. ಗೌಂಡಿಗಳು ಬಂದಿದ್ದಾರೆ, ಮರಳಿನ ಟ್ರ್ಯಾಕ್ಟರು ಬಾಗಿಲಲ್ಲಿ ನಿಂತು ಕೂಗುತ್ತಿದೆ. ಹೇಮಾವತಿ ಡಬ್ಬಿಯ ಮುಚ್ಚಳದ ಸ್ಕ್ರೂ ಬಿಗಿಯುತ್ತಾರೆ. ಏನಾದರೂ ಆಸೆ ಇದೆಯೇ ಎಂದರೆ ವಿಭೂತಿಯ ಬೆರಳಿನಿಂದ ಮೂಗು ಒರೆಸಿಕೊಳ್ಳುತ್ತಾರೆ.

"ನನ್ನ ಹೆಸರ ಎಲ್ಲೂ ಬರಸೂದು ಬ್ಯಾಡ್ರಿ. ಆ ಹುಡುಗೂರು ಆನಿ ಮುಟ್ಟಿದ್ರ ಸಾಕು."

ಅಂಗನವಾಡಿಯಲ್ಲಿ ಫ್ಯಾನು ತಿರುಗುತ್ತಿದೆ. ಬಾಗಿಲ ಪಕ್ಕದ ಕಲ್ಲಿನಲ್ಲಿ ಗುತ್ತಿಗೆದಾರರ ಹೆಸರು ಹಾಗೇ ಇದೆ. ಹೊಸ ಆನೆಯ ಸೊಂಡಿಲಿನ ಮೇಲೆ, ಮಕ್ಕಳ ಕೈಗೆಟುಕುವ ಎತ್ತರದಲ್ಲಿ, ಬಣ್ಣ ಆಗಲೇ ಸವೆದಿದೆ.