ಎಲ್ಲಿಂದ ಕರೆದರೂ ಓ ಅನ್ನಬೇಕಾದ ಕಂಪೈಲರ್

ಹೋದ ರವಿವಾರ ನಾಷ್ಟಾ ಮುಗಿದಾಗಿನಿಂದ ಮಧ್ಯಾಹ್ನದ ಊಟದ ತನಕ ನಾನು ಲ್ಯಾಪ್‌ಟಾಪಿನಲ್ಲಿ ಆಜ್ಞೆ ಹೊಡೆಯುವ ಒಂದು ಕಪ್ಪು ಕಿಟಕಿಯ ಜೊತೆ ವಾದ ಮಾಡಿದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರ ಅಂದರೆ ಪರ, ವಿರೋಧ ಅಂದರೆ ವಿರೋಧ, ಎರಡೂ ಕಡೆ ನಿಂತು ಗೆದ್ದವಳು ನಾನು. ಗೆದ್ದ ಢಾಲುಗಳು ನಮ್ಮ ಮೊರಬದ ಮನೆಯ ಗಾಜಿನ ಕಪಾಟಿನಲ್ಲಿ ಅವ್ವನ ಸ್ಟೀಲ್ ಡಬ್ಬಿಗಳನ್ನು ಹೊರಗೆ ತಳ್ಳಿ ಕೂತಿವೆ. ಅಂಥವಳು ಏನೇ ಕೇಳಿದರೂ ಆ ಕಿಟಕಿಯದು ಒಂದೇ ಉತ್ತರ: ಈ ಹೆಸರಿನವರು ಯಾರೂ ನನಗೆ ಗೊತ್ತಿಲ್ಲ.

ವ್ಯಾಜ್ಯ ಸಣ್ಣದು, ಆದರೆ ಸೋಮವಾರ ಮುಂಜಾನೆಯ ಒಳಗೆ ಮುಗಿಯಬೇಕಿತ್ತು. ನನ್ನ ವೈನಿ, ಅಂದರೆ ಅಣ್ಣನ ಹೆಂಡತಿ, ಕಂಪ್ಯೂಟರ್ ಡಿಪ್ಲೊಮಾದಲ್ಲಿ ಒಂದೇ ಒಂದು ಪ್ರಾಯೋಗಿಕ ಪರೀಕ್ಷೆ ಉಳಿಸಿಕೊಂಡಿದ್ದರು. ಅದು ಪಾಸಾದರೆ ಊರಿನ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ಕೆಲಸ ಅವರಿಗೇ. ಹೋದ ವರ್ಷ ಒಮ್ಮೆ ನಪಾಸಾಗಿದ್ದರು. ಈ ಸಲವೂ ಆಗದಿದ್ದರೆ ಕೆಲಸ ಇನ್ನೊಬ್ಬರ ಪಾಲು.

ನಪಾಸಾದ ಕಥೆ ಕೇಳಿ. ಕಂಪೈಲರ್ ಅಂದರೆ ನಾವು ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ತಿಳಿಯುವ ಹಾಗೆ ಮಾಡಿಕೊಡುವ ದುಭಾಷಿ. ಅವರ ತರಗತಿಯ ಕಂಪ್ಯೂಟರುಗಳಲ್ಲಿ ಈ ದುಭಾಷಿ ತನ್ನ ಸ್ವಂತ ಫೋಲ್ಡರಿನೊಳಗಿಂದ ಕರೆದಾಗ ಮಾತ್ರ ಕೆಲಸ ಮಾಡುತ್ತಿದ್ದ. ಹಾಗಾಗಿ ಎಲ್ಲರೂ ತಮ್ಮ ತಮ್ಮ ಪ್ರೋಗ್ರಾಮನ್ನು ಅವನ ಫೋಲ್ಡರಿನಲ್ಲೇ ತುರುಕುವುದು ರೂಢಿಯಾಗಿತ್ತು. ಅಡುಗೆ ಕಲಿಯಲು ಬಂದವರೆಲ್ಲ ಒಲೆಯೊಳಗೇ ಇಳಿದು ಕೂತ ಹಾಗೆ. ಪರೀಕ್ಷೆಯ ದಿನ ವೈನಿಯ ನಂತರ ಅದೇ ಕಂಪ್ಯೂಟರಿಗೆ ಕೂತ ಹುಡುಗಿ ಅದೇ ಹೆಸರಿನಲ್ಲಿ ತನ್ನದನ್ನು ಉಳಿಸಿದಳು. ಪರೀಕ್ಷಕರು ತೆರೆದಾಗ ವೈನಿಯ ಪ್ರೋಗ್ರಾಮಿನ ಜಾಗದಲ್ಲಿ ಆ ಹುಡುಗಿಯ ತಪ್ಪುಗಳು ಇದ್ದವು. ಅದಕ್ಕೇ ಈ ವರ್ಷ ಹೊಸ ಕಟ್ಟಳೆ: ಸ್ವಂತ ಲ್ಯಾಪ್‌ಟಾಪ್ ತರಬಹುದು, ಆದರೆ ತಮ್ಮ ಹೆಸರಿನ ಫೋಲ್ಡರಿನಲ್ಲಿ ನಿಂತು, ಪರೀಕ್ಷಕರ ಕಣ್ಣೆದುರಿಗೆ, ಅಲ್ಲಿಂದಲೇ ಕಂಪೈಲರನ್ನು ಕರೆಯಬೇಕು. ಅವನು ಬರಬೇಕು.

ಹುಬ್ಬಳ್ಳಿಯಲ್ಲಿ ಕಾನೂನು ಓದುವ ನಾನು ಊರಿಗೆ ಬಂದವಳು, ಇದೇನು ಮಹಾ ಅಂದೆ. ತತ್ವ ನನಗೆ ಅಗದಿ ಬರೋಬರಿ ತಿಳಿದಿತ್ತು. ನಮ್ಮೂರಿನಲ್ಲಿ ವೈರ್‌ಮನ್ ಬೇಕೆಂದರೆ ಯಾರೂ ಅವನ ಮನೆಗೆ ಹೋಗುವುದಿಲ್ಲ. ಮೊದಲು ಬಸ್‌ಸ್ಟ್ಯಾಂಡಿನ ಚಹಾದಂಗಡಿ, ಅಲ್ಲಿಲ್ಲದಿದ್ದರೆ ಟ್ರ್ಯಾಕ್ಟರ್ ಗ್ಯಾರೇಜು, ಅಲ್ಲೂ ಇಲ್ಲದಿದ್ದರೆ ಅವನ ಅತ್ತಿ ಮನೆ. ಈ ಸಾಲು ಊರಿಗೆಲ್ಲ ಬಾಯಿಪಾಠ. ಯಂತ್ರಕ್ಕೂ ಇಂಥದೊಂದು ಪಟ್ಟಿ ಇದೆ, ಪಾತ್ ಅನ್ನುತ್ತಾರೆ. ಹೆಸರು ಹಿಡಿದು ಕರೆದರೆ ಅದು ಆ ಪಟ್ಟಿಯ ಒಂದೊಂದೇ ಸಾಲಿನ ಜಾಗಕ್ಕೆ ಹೋಗಿ ಹುಡುಕುತ್ತದೆ. ಕಂಪೈಲರಿನ ಫೋಲ್ಡರಿನ ವಿಳಾಸವನ್ನು ಅದರಲ್ಲಿ ಸೇರಿಸಿದರೆ ಮುಗಿಯಿತು. ವೈನಿ ಅದನ್ನು ಶನಿವಾರವೇ ಸೇರಿಸಿದ್ದರು. ಆದರೂ ಕಿಟಕಿ ಗೊತ್ತಿಲ್ಲ ಅನ್ನುತ್ತಿತ್ತು.

ನಮ್ಮ ಹಳೆಯ ತರ್ಕಶಾಸ್ತ್ರದವರು ಚರ್ಚೆಯಲ್ಲಿ ಮೂರು ಬಗೆ ಹೇಳುತ್ತಾರೆ. ಸತ್ಯ ತಿಳಿಯಲು ಮಾಡುವುದು ವಾದ. ಗೆಲ್ಲಲು ಮಾಡುವುದು ಜಲ್ಪ. ನನ್ನ ಢಾಲುಗಳೆಲ್ಲ ಈ ಖಾತೆಯವು. ಮೂರನೆಯದು ವಿತಂಡ: ತನ್ನದೆಂದು ಏನನ್ನೂ ಹೇಳದೆ ಎದುರಿನವರು ಹೇಳಿದ್ದನ್ನೆಲ್ಲ ಅಲ್ಲ ಅನ್ನುವುದು. ಈ ಕಿಟಕಿಯಷ್ಟು ಶುದ್ಧ ವಿತಂಡವಾದಿಯನ್ನು ನಾನು ಯಾವ ವೇದಿಕೆಯ ಮೇಲೂ ಕಂಡಿಲ್ಲ. ಹಾಗಾದರೆ ಎಲ್ಲಿ ಹುಡುಕಿದೆ, ಏನು ಕಂಡೆ, ಯಾಕೆ ಬಿಟ್ಟು ಬಂದೆ? ಹೇಳುವುದಿಲ್ಲ. ಕಂಪೈಲರನ್ನು ಕಿತ್ತು ಹಾಕಿ ಮತ್ತೆ ಕೂಡಿಸಿದೆ. ಅಣ್ಣ ಬಾಗಿಲಲ್ಲಿ ಇಣುಕಿ, ಆ ಕಿಟಕಿಯತ್ತ ಕೈ ಮಾಡಿ, ಜಡ್ಜ್ ಏನಂತಾರ ಎಂದು ಕೇಳಿ ಹೊಲಕ್ಕೆ ಹೋದ.

ಕೊನೆಗೆ ಆ ಪಟ್ಟಿಯನ್ನು ತೆಗೆದು ಕಣ್ಣಾರೆ ಓದಿದೆ. ಇದನ್ನು ಮೊದಲೇ ಮಾಡಬೇಕಿತ್ತು ಎಂದು ನೀವು ಅನ್ನಬಹುದು. ವೈನಿ ಆಗಲೇ ಅಂದಾಗಿದೆ. ಕೊನೆಯ ಸಾಲಿನಲ್ಲಿ, ವಿಳಾಸದ ಶುರುವಿಗೇ, ಇಂಗ್ಲಿಷ್ ಅಕ್ಷರದಲ್ಲಿ ಚೊಕ್ಕಾಗಿ ‘ಶ್ರೀ’ ಎಂದು ಇತ್ತು.

“ವೈನಿ, ಇದೇನ್ರಿ?”

“ಶ್ರೀ.”

“ಅದು ಕಾಣತೈತಿ. ಇಲ್ಲ್ಯಾಕ ಐತಿ?”

“ಹೊಸಾದು ಬರಿಯೂ ಮುಂದ ಬರೀಬೇಕಲಾ. ನೀನೂ ನಿನ್ನ ಭಾಷಣದ ಹಾಳಿ ಮ್ಯಾಲೆ ಬರೀತಿದ್ದಿ.”

ಬರೆಯುತ್ತಿದ್ದೆ, ಪಿಯುಸಿಯ ತನಕ. ಅದನ್ನು ಸಭೆಯ ಮುಂದೆ ಎತ್ತುವ ಅಗತ್ಯ ಇರಲಿಲ್ಲ. ನಮ್ಮ ಮನೆಯಲ್ಲಿ ಕಿರಾಣಿ ಚೀಟಿ, ಉತ್ತರ ಪತ್ರಿಕೆ, ಅರ್ಜಿ, ಯಾವುದಕ್ಕೂ ಶ್ರೀ ಇಲ್ಲದೆ ಮೊದಲ ಅಕ್ಷರ ಬೀಳುವುದಿಲ್ಲ. ಆದರೆ ಖಾಲಿ ಚೌಕ ಕಂಡಲ್ಲೆಲ್ಲ ಬರೆಯುವುದೇ? ಯಂತ್ರ ಪಾಪ ಶ್ರೀಯಿಂದ ಶುರುವಾಗುವ ವಿಳಾಸ ಹಿಡಿದು ಇಲ್ಲದ ಓಣಿಯಲ್ಲಿ ತಿರುಗುತ್ತಿದೆ ಎಂದು ಐದು ನಿಮಿಷ ಭಾಷಣ ಮಾಡಿದೆ. ನಂಬಿಕೆ ಬೇರೆ, ವಿಳಾಸ ಬೇರೆ ಎಂಬ ಸಾಲಂತೂ ಬಹುಮಾನಕ್ಕೆ ಅರ್ಹವಾಗಿತ್ತು. ಶ್ರೀಯನ್ನು ಅಳಿಸಿದೆ, ಪಟ್ಟಿಯನ್ನು ಉಳಿಸಿದೆ, ಈಗ ನೋಡ್ರಿ ಎಂದು ಕಪ್ಪು ಕಿಟಕಿಯಲ್ಲಿ ಕಂಪೈಲರಿನ ಹೆಸರು ಹೊಡೆದೆ.

ಗೊತ್ತಿಲ್ಲ ಅಂದಿತು.

ವೈನಿ ಎದ್ದು ರೊಟ್ಟಿ ಬಡಿಯಲು ಹೋದರು. ಅದು ಅವರ ಚರ್ಚಾ ವಿಧಾನ. ಬಡಿದು ಮುಗಿಸಿ, ಕೈಯ ಹಿಟ್ಟು ಒರೆಸಿಕೊಳ್ಳುತ್ತ ಬಂದು ನಿಂತರು. ನಾನು ಅದೇ ಹೆಸರನ್ನು ಏಳನೆಯ ಸಲ, ಕೀಲಿಗಳು ಮುರಿಯುವ ಹಾಗೆ ಹೊಡೆಯುತ್ತಿದ್ದೆ.

“ನಂದಾ, ಆ ಕಿಟಕಿ ಮುಚ್ಚಿ ಹೊಸಾದು ತಗಿ. ಅದು ಮುಂಜಾನಿಂದ ತಗದದ್ದ ಐತಿ. ನೀ ಈಗ ಬದಲ ಮಾಡಿದ್ದು ಅದಕ್ಕ ಯಾರು ಹೇಳಬೇಕು?”

ಯಂತ್ರಕ್ಕೆ ಹಾಗೆಲ್ಲ ಯಾರೂ ಹೇಳಬೇಕಾಗಿಲ್ಲ ಎಂದು ತೋರಿಸಿಕೊಡಲೆಂದೇ ಮುಚ್ಚಿ ಹೊಸದನ್ನು ತೆಗೆದೆ. ವೈನಿಯ ಫೋಲ್ಡರಿನಲ್ಲಿ ನಿಂತು ಕರೆದೆ. ಕಂಪೈಲರ್ ಓ ಅಂದ. ಡೆಸ್ಕ್‌ಟಾಪಿನಿಂದ ಕರೆದೆ, ಅಣ್ಣನ ಮದುವೆಯ ಫೋಟೋ ಇದ್ದ ಫೋಲ್ಡರಿನಿಂದಲೂ ಕರೆದೆ. ಎಲ್ಲ ಕಡೆಯಿಂದಲೂ ಓ ಅಂದ. ಕಿಟಕಿ ತೆರೆಯುವ ಹೊತ್ತಿಗೆ ಇದ್ದ ಪಟ್ಟಿಯನ್ನೇ ಅದು ಮುಚ್ಚುವ ತನಕ ಹಿಡಿದುಕೊಂಡು ಕೂತಿರುತ್ತದೆ ಎಂದು ಆಮೇಲೆ ಓದಿ ತಿಳಿದೆ. ವೈನಿ ಓದದೆ ತಿಳಿದಿದ್ದರು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ವೈನಿ ತೀರ್ಪು ಕೊಟ್ಟರು: ಶ್ರೀ ತೆಗೆದ ಮೇಲೂ ನಡೆಯಲಿಲ್ಲ, ಕಿಟಕಿ ಮುಚ್ಚಿ ತೆಗೆದ ಮೇಲೆ ನಡೆಯಿತು, ಅಂದರೆ ಶ್ರೀಯದು ಏನೂ ತಪ್ಪಿಲ್ಲ, ತಿರುಗಿ ಬರೆ. ಒಂದು ಕೆಲಸ ಕೆಡಲು ಎರಡು ಕಾರಣ ಒಟ್ಟಿಗೆ ಇರಬಹುದು ಎಂದು ನಾನು ಮೂರು ಉದಾಹರಣೆ ಕೊಟ್ಟೆ. ಮೂರಕ್ಕೂ ತಲೆಯಾಡಿಸಿ, ಹೌದು, ತಿರುಗಿ ಬರೆ ಅಂದರು. ಹೋದ ವರ್ಷ ಆ ತರಗತಿಯ ಕಂಪ್ಯೂಟರಿನಲ್ಲಿ ಶ್ರೀ ಇರಲಿಲ್ಲ, ಏನಾಯಿತು ನೋಡಿದಿಯಲ್ಲ ಎಂಬುದು ಅವರ ಸಾಕ್ಷ್ಯ. ಇಂಥ ಸಾಕ್ಷ್ಯವನ್ನು ಯಾವ ಕೋರ್ಟೂ ಒಪ್ಪುವುದಿಲ್ಲ. ಆದರೆ ಮರುದಿನ ಪರೀಕ್ಷೆಗೆ ಕೂರುವವರು ಅವರು. ಹಲ್ಲು ಕಚ್ಚಿ ರಾಜಿಗೆ ಬಂದೆ. ಪಟ್ಟಿಯ ಎಲ್ಲಕ್ಕಿಂತ ಮೇಲೆ ಒಂದು ಹೊಸ ಸಾಲು ಮಾಡಿ, ಅದರಲ್ಲಿ ಬರೇ ‘ಶ್ರೀ’ ಬರೆದೆ. ಕಂಪೈಲರಿನ ವಿಳಾಸ ಕೆಳಗೆ ತನ್ನ ಪಾಡಿಗೆ ಇತ್ತು. ಕೆಲಸ ಕೆಡಲಿಲ್ಲ. ಹೇಗೆ ಎಂದು ವೈನಿ ಕೇಳಿದಾಗ, ಸಿಟ್ಟಿನಲ್ಲೇ ಆದರೂ, ವಿವರಿಸಿದೆ.

ಸೋಮವಾರ ಪರೀಕ್ಷೆ ಆಯಿತು. ಪ್ರೋಗ್ರಾಮು ಅವರ ಹೆಸರಿನ ಫೋಲ್ಡರಿನಿಂದಲೇ ನಡೆಯಿತಂತೆ. ಆಮೇಲೆ ಪರೀಕ್ಷಕರು ಪಾತ್ ತೆಗೆಸಿ, ಮೊದಲ ಸಾಲಿನ ಮೇಲೆ ಬೆರಳಿಟ್ಟು, ಏನಮ್ಮಾ ಇದು ಎಂದು ಕೇಳಿದರಂತೆ. ವೈನಿ ಕೊಟ್ಟ ಉತ್ತರವನ್ನು ಈ ರವಿವಾರ ಅವರ ಬಾಯಿಂದಲೇ ಕೇಳಿದೆ:

“ಸರ್, ಮಷೀನು ಮೊದಲ ಅಲ್ಲಿ ಹೋಗಿ ನೋಡತೈತ್ರಿ. ಅಲ್ಲಿ ಏನೂ ಇರೂದಿಲ್ಲರಿ. ಸುಮ್ನ ಮುಂದಿನ ಸಾಲಿಗೆ ಹೋಗತೈತ್ರಿ.”

ಹುಡುಕುವ ಕ್ರಮವನ್ನು ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ ಎಂದು ಪರೀಕ್ಷಕರು ಅಲ್ಲೇ ಪಾಸು ಬರೆದರಂತೆ.

ಇಷ್ಟು ವರ್ಷ ವೇದಿಕೆಗಳ ಮೇಲೆ ದೇವರ ಬಗ್ಗೆ ನಾನು ಹೇಳಲು ಒದ್ದಾಡಿದ್ದನ್ನು ಈ ಹೆಂಗಸು ಮೂರು ವಾಕ್ಯದಲ್ಲಿ ಹೇಳಿ, ಮನೆಗೆ ಬಂದು ಅದೇ ದೇವರ ಮುಂದೆ ದೀಪ ಹಚ್ಚಿ ಪೇಡೆ ಇಟ್ಟಿದ್ದರು. ನೀವು ಹೇಳಿದ್ದು ಏನು ಗೊತ್ತೇನ್ರಿ ಎಂದು ಕೇಳಲು ನಾನು ಬಾಯಿ ತೆರೆದೆ. ಮಾತು ನಾಲಿಗೆಯ ತುದಿಗೆ ಬಂದಿತ್ತು, ಎದುರಾಳಿಗೆ ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ. ವೈನಿ ಶಾಲೆಗೆ ಉಟ್ಟುಕೊಂಡು ಹೋಗಲು ಎರಡು ಸೀರೆ ಹಾಸಿಗೆಯ ಮೇಲೆ ಹರವಿ, ಯಾವುದು ಚಲೋ ಎಂದು ಕೇಳುತ್ತಿದ್ದರು.

ನೀಲಿಯದು ಅಂದೆ.