ಹೆಸರು ಹೇಳಿದರೆ ಮಾತಾಡಿದ ಲೆಕ್ಕ

"ಎಲ್ಲರೂ ಬಂದ್ರಾ? ನಿಮ್ಮ ನಿಮ್ಮ ಜೋಡಿ ಪಕ್ಕದಲ್ಲಿದ್ದಾರಾ ನೋಡ್ಕೊಳ್ಳಿ."

"ಇದ್ದಾರೆ ಮಿಸ್."

ಸುಮಾ ಮಿಸ್ ಡ್ರೈವರ್ ಕಡೆ ಕೈ ಮಾಡಿದರು. ಬಸ್ಸು ಊರಿಗೆ ವಾಪಸು ಹೊರಟಿತು. ಒಬ್ಬ ಹುಡುಗಿ ಬಂದಿರಲಿಲ್ಲ. ಅದು ಬಸ್ಸಿನಲ್ಲಿದ್ದ ಹೆಚ್ಚುಕಡಿಮೆ ಎಲ್ಲ ಹುಡುಗಿಯರಿಗೂ ಗೊತ್ತಿತ್ತು.

ಹೋದ ಶನಿವಾರದ ಮಾತು. ಕೃಷ್ಣರಾಜನಗರದಲ್ಲಿ ನನ್ನ ಮಗಳು ಅನು ಓದುವ ಶಾಲೆಯಿಂದ ಎಂಟನೇ ಕ್ಲಾಸಿನ ಹುಡುಗಿಯರನ್ನು ಚುಂಚನಕಟ್ಟೆಗೆ ಕರೆದುಕೊಂಡು ಹೋಗಿದ್ದರು. ಜೊತೆಗೊಬ್ಬರು ತಾಯಿ ಇದ್ದರೆ ಧೈರ್ಯ ಎಂದು ಮಿಸ್ ಕೇಳಿದರು. ನಾನೂ ಹತ್ತಿದೆ. (ಅಂಕಣ ಬರೆಯುವವರಿಗೆ ಬೇರೆ ಕೆಲಸವಿರುವುದಿಲ್ಲ ಎಂಬುದು ನಮ್ಮ ಊರಿನ ಗಟ್ಟಿ ನಂಬಿಕೆ.)

ದೇವಸ್ಥಾನ ನೋಡಿದ್ದಾಯಿತು, ಕಟ್ಟೆಯ ಮೇಲಿಂದ ಧುಮುಕುವ ಕಾವೇರಿಯ ಮುಂದೆ ಫೋಟೋ ಹೊಡೆಸಿಕೊಂಡಿದ್ದಾಯಿತು. ಮಳೆಗಾಲ. ಹೊಳೆ ತುಂಬಿ ಕೆಂಪಗಿತ್ತು. ಸಂಜೆಯಾಗುತ್ತಿದ್ದಂತೆ ಹೊರಟೆವು.

ಅರ್ಧ ದಾರಿಯಲ್ಲಿ ನಾನು ಎದ್ದು ಚಿಕ್ಕಿ ಹಂಚುತ್ತಾ ಬಂದೆ. ಅನು ಕಿಟಕಿಯ ಪಕ್ಕ ಕೂತಿದ್ದಳು. ಅವಳ ಪಕ್ಕದ ಸೀಟಿನಲ್ಲಿ ಒಂದು ನೀಲಿ ಬ್ಯಾಗು.

"ಇದು ಯಾರ್ದೇ?"

ಅನು ತಿರುಗಿ ಹಿಂದಿನ ಸೀಟಿನ ಕಡೆ ನೋಡಿದಳು.

"ಯಾರ್ದು ಅಂತ ಕೇಳಿದ್ದು."

"ಅವಳ್ದು."

"ಅವಳು ಅಂದ್ರೆ ಯಾರು?"

ಅವಳು ಮೆಲ್ಲಗೆ ಬ್ಯಾಗನ್ನು ನನ್ನ ಕಡೆ ತಿರುಗಿಸಿದಳು. ಅದರ ಮೇಲೆ ಹೆಸರಿನ ಚೀಟಿ ಅಂಟಿಸಿತ್ತು. ಪವಿತ್ರ, ಎಂಟನೇ ತರಗತಿ.

ಪವಿತ್ರ ನನಗೆ ಗೊತ್ತು. ಎರಡು ವರ್ಷದಿಂದ ಅನುವಿನ ಬೆಂಚಿನವಳು. ಹತ್ತಿರದ ಹಳ್ಳಿಯಲ್ಲಿ ಅವರಪ್ಪ ಭತ್ತ ಬೆಳೆಯುತ್ತಾರೆ. ಮನೆಗೆ ಬಂದರೆ ನನ್ನ ಕೈಯಿಂದ ಕಾಫಿ ಲೋಟ ಇಸಿದುಕೊಂಡು ತೊಳೆದಿಟ್ಟು ಹೋಗುವ ಹುಡುಗಿ.

ಬಸ್ಸು ನಿಲ್ಲಿಸಿದೆವು. ಡ್ರೈವರ್ ಸಿದ್ದಣ್ಣ ಬಸ್ಸು ತಿರುಗಿಸುತ್ತಾ, "ಮೇಲಿಂದ ನೀರು ಜಾಸ್ತಿ ಬತ್ತಾ ಅದೆ ಕಣ್ರಕ್ಕ ಇವತ್ತು" ಎಂದ. ಯಾರಿಗೂ ಬೇಕಿಲ್ಲದ ಮಾತು. ಆದರೆ ಅವನ ತಲೆಯಲ್ಲೂ ಅದೇ ಓಡುತ್ತಿತ್ತು, ಪಾಪ.

ಅನುವನ್ನು ಮುಂದಿನ ಸೀಟಿಗೆ ಎಳೆದುಕೊಂಡು ಬಂದು ಕೂರಿಸಿದೆ. "ಅವಳು ಬಂದಿಲ್ಲ ಅಂತ ನಿಂಗೆ ಗೊತ್ತಿತ್ತಾ?"

"ಹೂಂ."

"ಮಿಸ್ ಕೇಳಿದಾಗ ಯಾಕೆ ಹೇಳ್ಲಿಲ್ಲ?"

"ಎಲ್ರೂ ಅವಳ ಹತ್ರ ಮಾತು ಬಿಟ್ಟಿದ್ದೀವಿ. ಹೆಸರು ಹೇಳಿದ್ರೆ ಮಾತಾಡಿದ ಲೆಕ್ಕ." ತಾನೇ ಸೇರಿಸಿದಳು. "ಆದ್ರೆ ನಾನು ಇದ್ದಾಳೆ ಅಂತ ಅನ್ಲಿಲ್ಲಮ್ಮ. ಸುಮ್ನಿದ್ದೆ."

ನೋಡಿ, ಸುಮ್ಮನಿರುವುದು ಸುಳ್ಳಲ್ಲ ಎಂದು ಹದಿಮೂರು ವರ್ಷದ ಮಗುವಿಗೆ ಕಲಿಸಿದವರು ಯಾರು?

ವಿಷಯ ಇಷ್ಟೇ. ಕ್ಲಾಸಿಗೆ ಫೋನ್ ತಂದಿದ್ದು ಯಾರು ಎಂದು ಮಿಸ್ ಕೇಳಿದಾಗ ಪವಿತ್ರ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. ಆ ಮಧ್ಯಾಹ್ನದಿಂದಲೇ ಇಡೀ ಕ್ಲಾಸು ಅವಳ ಹತ್ತಿರ ಮಾತು ಬಿಟ್ಟಿತು. ಮೂರು ವಾರದಿಂದ ಯಾರೂ ಅವಳ ಹೆಸರೆತ್ತಿರಲಿಲ್ಲ. ಊಟದ ಡಬ್ಬಿ ಒಬ್ಬಳೇ ಬಿಚ್ಚಿ ಒಬ್ಬಳೇ ಮುಚ್ಚುತ್ತಿದ್ದಳಂತೆ. ಅದೇ ಮೂರು ವಾರದ ನಡುವೆ ಮೈಸೂರಿನಿಂದ ಯಾರೋ ಬಂದು 'ಎಮೋಷನಲ್ ಇಂಟೆಲಿಜೆನ್ಸ್' ಬಗ್ಗೆ ಪಿಪಿಟಿ ತೋರಿಸಿ ಹೋಗಿದ್ದರು. ಭಾವನೆಗಳ ಪೋಸ್ಟರ್ ಬರೆಯುವ ಸ್ಪರ್ಧೆಯಲ್ಲಿ ಅನುವಿಗೆ ಮೆಡಲ್ ಬಂದಿತ್ತು. ಅದನ್ನು ಸ್ಟೇಟಸ್ಸಿಗೆ ಹಾಕಿಕೊಂಡವಳು ನಾನೇ.

ಬಸ್ಸು ಓಡುತ್ತಿತ್ತು. ನನ್ನ ಭಯ ಏನೆಂದು ಬಿಡಿಸಿ ಹೇಳುತ್ತೇನೆ. ಅವಳು ಕಾಲು ಜಾರಿ ಬಿದ್ದಳೇನೋ ಎಂಬುದಷ್ಟೇ ಅಲ್ಲ. ಮೂರು ವಾರದಿಂದ ಯಾರಿಗೂ ಬೇಡವಾದ ಹುಡುಗಿ, ತನ್ನನ್ನು ಬಿಟ್ಟು ಬಸ್ಸು ಹೋದದ್ದನ್ನು ಕಂಡವಳು, ತುಂಬಿದ ಹೊಳೆಯ ಪಕ್ಕ ಒಬ್ಬಳೇ ಇದ್ದಾಳೆ. ಸುಮಾ ಮಿಸ್ ನನ್ನ ಕೈ ಹಿಡಿದುಕೊಂಡಿದ್ದರು. ಹಿಂದಿನ ಸೀಟಿನಲ್ಲಿ ಯಾರೋ ಬಿಕ್ಕುತ್ತಿದ್ದರು.

ಬಸ್ಸು ನಿಲ್ಲುವ ಮೊದಲೇ ಇಳಿದು ಕಟ್ಟೆಯ ಕಡೆ ಓಡಿದೆ. ಅಲ್ಲಿ ಯಾರೂ ಇರಲಿಲ್ಲ. "ಪವಿತ್ರಾ" ಎಂದು ಕೂಗಿದೆ. ನೀರಿನ ಸದ್ದಿಗೆ ನನ್ನ ಕೂಗು ನನಗೇ ಕೇಳಲಿಲ್ಲ. ಮಿಸ್ ಹೊಳೆಗಿಳಿಯುವ ಮೆಟ್ಟಿಲ ಹತ್ತಿರ ಹೋದರು, ಅಲ್ಲೂ ಇಲ್ಲ. ಕಂಡ ದೇವರಿಗೆಲ್ಲ ಹರಕೆ ಹೊತ್ತೆ.

ದೇವಸ್ಥಾನದ ಮುಂದೆ ಹೂವು ಮಾರುವ ಅಜ್ಜಿಯೊಬ್ಬರು ಕೈ ಎತ್ತಿ ಕರೆದರು. "ಇಸ್ಕೂಲ್ ಮಗ ಹುಡುಕ್ತಾ ಇದ್ದೀರೇನವ್ವ? ಇಲ್ಲೇ ಅವಳೆ ಬನ್ನಿ. ಒಬ್ಳೇ ರೋಡಲ್ಲಿ ನಡ್ಕೊಂಡು ಹೊಂಟಿದ್ಲು. ಕತ್ಲಾಯ್ತದೆ, ಓಗಬ್ಯಾಡ ಕಣವ್ವ ಅಂತ ಕೂರ್ಸ್ಕಂಡಿವ್ನಿ."

ಬುಟ್ಟಿಯ ಹಿಂದೆ ಪವಿತ್ರ ಕೂತಿದ್ದಳು. ನನಗೆ ಅಳು ತಡೆಯಲಾಗಲಿಲ್ಲ. ಅವಳು ಅಳುತ್ತಿರಲಿಲ್ಲ. ಅದೇ ನನ್ನನ್ನು ಇನ್ನೂ ಹೆದರಿಸಿತು.

"ಬಸ್ಸು ಹೊರಟಾಗ ಕೂಗ್ಬಾರದಿತ್ತಾ ಪುಟ್ಟ?" ಸುಮಾ ಮಿಸ್ ಅವಳ ಕೆನ್ನೆ ಸವರುತ್ತಾ ಕೇಳಿದರು.

"ಟಾಯ್ಲೆಟ್ಟಿಂದ ಬರೋಷ್ಟರಲ್ಲಿ ಹೊರಟಿತ್ತು ಮಿಸ್. ಕೂಗ್ದೆ. ಹಿಂದೆ ಓಡಿ ಬಂದು ಕೈನೂ ಬೀಸ್ದೆ. ಹಿಂದಿನ ಸೀಟ್ನವರು ನೋಡಿದ್ರು." ಅವಳು ತಲೆ ತಗ್ಗಿಸಿದಳು. "ಆಮೇಲೆ ಕರ್ಟನ್ ಎಳ್ಕೊಂಡ್ರು."

ಮಿಸ್ ಅವಳ ಕೈ ಹಿಡಿದು ಬಸ್ಸಿಗೆ ಹತ್ತಿಸಿದರು.

ಆ ಹುಡುಗಿಯರು ರಾಕ್ಷಸಿಯರೇ? ಅಲ್ಲ. ನಮ್ಮ ಮನೆಯವೇ. ಮಾತು ಬಿಡುವುದು ನಮ್ಮ ಕಡೆ ಹೊಸದೇನೂ ಅಲ್ಲವಲ್ಲ. ಬದುವಿನ ಮೇಲಿನ ಮರ ಯಾರದೆಂದು ಜಗಳವಾಡಿ ಮಾತು ಬಿಡುತ್ತೇವೆ, ಮದುವೆಯಲ್ಲಿ ಸರಿಯಾಗಿ ಕರೆಯಲಿಲ್ಲವೆಂದು ಮಾತು ಬಿಡುತ್ತೇವೆ. "ಅವರ್ಗೂ ನಮ್ಗೂ ಮಾತಿಲ್ಲ" ಎನ್ನುವಾಗ ನಮ್ಮ ದನಿಯಲ್ಲಿ ಎಂಥ ಗತ್ತು. ಮಕ್ಕಳು ಪಕ್ಕದಲ್ಲೇ ಹೋಂವರ್ಕ್ ಮಾಡುತ್ತಾ ಕೂತಿರುತ್ತವೆ. ಸಿಟ್ಟು ಬಂದರೆ ಏನು ಮಾಡಬೇಕೆಂದು ಪಿಪಿಟಿ ನೋಡಿ ಕಲಿಯಬೇಕಾದ ಗತಿ ಅವಕ್ಕೇನಿದೆ?

ಆ ರಾತ್ರಿ ಅನುವಿಗೆ ಬೈಯಬೇಕೆಂದು ಕೂತೆ. ಅದಕ್ಕೆ ಮೊದಲೇ ಅವಳು ಅಂದಳು, "ಅವಳ ಹತ್ರ ಮಾತಾಡಿದ್ರೆ ನನ್ನ ಹತ್ರಾನೂ ಬಿಡ್ತಾರಮ್ಮ. ನಂಗೆ ಭಯ." ಮೆಡಲ್ ಬಂದ ಪೋಸ್ಟರಿನಲ್ಲಿ ಭಯಕ್ಕೆ ಹಲ್ಲಿರುವ ದೆವ್ವದ ಚಿತ್ರ ಬರೆದಿದ್ದಳು. ನಿಜವಾದ ಭಯದ ಮುಖ ತನ್ನ ಗೆಳತಿಯರ ಹಾಗೇ ಇರುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಬೈಯಲಿಲ್ಲ. "ನಂಗೂ ಭಯ ಆಗುತ್ತೆ" ಎಂದೆ. ಆಮೇಲೆ ಇಬ್ಬರೂ ಬಹಳ ಹೊತ್ತು ಮಾತಾಡಿದೆವು.

ಸೋಮವಾರ ಪ್ರೇಯರ್‌ನಲ್ಲಿ ಇಡೀ ಕ್ಲಾಸಿನಿಂದ 'ಸಾರಿ' ಹೇಳಿಸಿದರಂತೆ. ಗುಡ್ ಮಾರ್ನಿಂಗ್ ಹೇಳುವ ರಾಗದಲ್ಲೇ ಹೇಳಿದರಂತೆ. ಅಲ್ಲಿಗೆ ಶಾಲೆಯ ಪಾಲಿಗೆ ಮುಗಿಯಿತು.

ಸಂಜೆ ಅನು ಬಂದವಳೇ, "ಇವತ್ತು ಅವಳ ಹತ್ರ ಮಾತಾಡ್ದೆ" ಎಂದಳು.

"ಏನಂದೆ?"

"ಪವಿತ್ರ, ರಬ್ಬರ್ ಇದ್ಯಾ ಅಂದೆ."

"ಅವಳು?"

"ಕೊಟ್ಳು. ಅವಳಿಗೆ ಅಳು ಬಂತು." ಬ್ಯಾಗು ಇಳಿಸಿದಳು. "ಈಗ ನಮ್ಮಿಬ್ಬರ ಹತ್ರಾನೂ ಮಾತು ಬಿಟ್ಟಿದ್ದಾರೆ."

ಸಂಕಟವಾಯಿತು. ಹೆಮ್ಮೆಯೂ ಆಯಿತು, ಯಾಕೆ ಸುಳ್ಳು ಹೇಳಲಿ? ಇದು ಮಕ್ಕಳಿಂದ ಆಗುವ ಕೆಲಸವಲ್ಲ, ಅಮ್ಮಂದಿರೇ ಮಾಡಬೇಕು ಎನ್ನಿಸಿತು. ಕ್ಲಾಸಿನ ತಾಯಂದಿರ ವಾಟ್ಸಾಪ್ ಗ್ರೂಪಿನಲ್ಲಿ ನಡೆದದ್ದನ್ನು ಇದ್ದ ಹಾಗೆ ಬರೆದೆ. ಕರ್ಟನ್ ವಿಷಯವನ್ನೂ ಬರೆದೆ. ಯಾವ ಮಗುವಿನ ಹೆಸರನ್ನೂ ಹಾಕಲಿಲ್ಲ. ಎಲ್ಲರೂ ಒಂದು ದಿನ ಕೂತು ಮಾತಾಡೋಣ ಎಂದು ಕೊನೆಗೆ ಸೇರಿಸಿದೆ.

ಎಲ್ಲರೂ ಓದಿದರು. ಒಬ್ಬರೂ ಉತ್ತರಿಸಲಿಲ್ಲ. ಮಾರನೆಯ ದಿನ ಸ್ಕೂಲ್ ಗೇಟಿನಲ್ಲಿ ಗುಂಪಾಗಿ ನಿಂತು ಹರಟುತ್ತಿದ್ದವರು ನಾನು ಹತ್ತಿರ ಬಂದ ಕೂಡಲೇ ಫೋನ್ ನೋಡತೊಡಗಿದರು.

ಕ್ಲಾಸಿನಲ್ಲಿ ಮಾತು ಬಿಟ್ಟವರಿಗೆ ಹದಿಮೂರು ವರ್ಷ. ಗೇಟಿನಲ್ಲಿ ಬಿಟ್ಟವರಿಗೆ ಎಷ್ಟು ಅಂತ ಬರೆಯಲಿ?